ಅಬ್ಬಾನ ಶುಕ್ರವಾರ

ಬೆಳಗ್ಗೆಯಿಂದ ಫೋನು ಟಿಣ್ ಟಿಣ್ ಅನ್ನುತ್ತಲೇ ಇದೆ. ಇವತ್ತು ಜೂನ್ ಒಂದು, ನಮ್ಮ ಮನೆತನದ ಅರ್ಧ ಜನರ ಹುಟ್ಟುಹಬ್ಬ. ನಗಬೇಡಿ, ನಿಮ್ಮಲ್ಲೂ ಒಬ್ಬರಾದರೂ ಇದ್ದೇ ಇರುತ್ತಾರೆ. ಶಾಲೆಗೆ ಸೇರಿಸುವಾಗ ತಾರೀಕು ಗೊತ್ತಿಲ್ಲ ಅಂದರೆ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಜೂನ್ ಒಂದು ಅಂತ ಬರೆಯುತ್ತಿದ್ದರು. ಗುಬ್ಬಿಯಲ್ಲಿ ದರ್ಜಿಯಾಗಿದ್ದ ನಮ್ಮ ಅಬ್ಬಾ ಕೂಡ ಹಾಗೆ ಹುಟ್ಟಿದವರೇ.

ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು. ನಾನು ದಿನಾ ಬಸ್ಸು ಹತ್ತಿ ತುಮಕೂರಿಗೆ ಹೋಗಿ, ಶಿರಾ ಗೇಟಿನ ಬೇಕರಿಯ ಮೇಲಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ ಜಾವಾಸ್ಕ್ರಿಪ್ಟ್ ಕಲಿಯುತ್ತಿದ್ದೆ. ಕಲಿತದ್ದಕ್ಕಿಂತ ಬನ್ನಿನ ವಾಸನೆ ಕುಡಿದದ್ದೇ ಹೆಚ್ಚು. ಕೊನೆಗೆ ಅಬ್ಬಾ ಹೇಳಿಬಿಟ್ಟರು: ಭಾನುವಾರ ಬಂದು ನೋಡುತ್ತೇನೆ, ಏನೂ ಬರದಿದ್ದರೆ ಸೋಮವಾರದಿಂದ ಅಂಗಡಿಯಲ್ಲಿ ಕೂತು ಅಂಗಿಯ ಗುಂಡಿಗಳಿಗೆ ಕಾಜಾ ಹಾಕು. ನನಗೆ ಸೂಜಿ ಕಂಡರಾಗದು. ಹೆದರಿಕೊಂಡು ಒಂದು ವೆಬ್ ಪೇಜು ಕಟ್ಟಿದೆ. ಹುಟ್ಟಿದ ತಾರೀಕು ಕೊಟ್ಟರೆ ಅದು ಯಾವ ವಾರ ಅಂತ ಹೇಳುತ್ತಿತ್ತು.

ಅಬ್ಬಾ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಬಂದರು. ಅವರ ಜೂನ್ ಒಂದನ್ನು ಕೊಟ್ಟೆ. ಶುಕ್ರವಾರ ಅಂತ ಬಂತು. ಅಬ್ಬಾನ ಕಣ್ಣು ತುಂಬಿಕೊಂಡಿತು. ನೀನು ಹುಟ್ಟಿದ್ದು ಜುಮ್ಮಾ ದಿನ, ಗಂಡಸರೆಲ್ಲ ನಮಾಜಿಗೆ ಹೋಗಿದ್ದಾಗ, ಅಂತ ಅವರ ತಾಯಿ, ನಮ್ಮ ದಾದಿ, ಸಾಯುವ ತನಕ ಹೇಳುತ್ತಿದ್ದರಂತೆ.

ಅಷ್ಟರಲ್ಲಿ ನಮ್ಮ ಸರ್ ಬಗ್ಗಿ ನೋಡಿದರು. ಜಾವಾಸ್ಕ್ರಿಪ್ಟಿನಲ್ಲಿ ಜನವರಿ ಅಂದರೆ ಸೊನ್ನೆ, ಜೂನ್ ಅಂದರೆ ಐದು. ನಾನು ಊರಿನ ಲೆಕ್ಕದಲ್ಲಿ ಆರು ಅಂತಲೇ ಕೊಟ್ಟಿದ್ದೆ. ಪೇಜು ಹೇಳಿದ್ದು ಜುಲೈ ಒಂದರ ವಾರ. ಸರ್ ಒಂದು ಕಳೆದರು. ಬುಧವಾರ ಬಂತು. ನನ್ನ ಕಣ್ಣ ಮುಂದೆ ಕಾಜಾಗಳು ಸಾಲುಗಟ್ಟಿದವು.

ನಮ್ಮ ಮನೆಮಾತು ಉರ್ದು. ಸರ್‌ಗೂ ತಿಳಿಯಲಿ ಅಂತ ಅಬ್ಬಾ ಕನ್ನಡದಲ್ಲೇ ಹೇಳಿದರು: "ಮೊದ್ಲು ಹೆಂಗಿತ್ತೋ ಹಂಗೇ ಇಡಮ್ಮ. ಮೇಷ್ಟ್ರು ಒಂದು ತಪ್ಪು ಬರೆದ್ರು, ನೀನೊಂದು ತಪ್ಪು ಬರೆದೆ. ಎರಡೂ ಸೇರಿ ನಮ್ಮಮ್ಮಿ ಮಾತು ನಿಜ ಆಯ್ತಲ್ಲ." ಆಮೇಲೆ ಸರ್ ಕಡೆ ತಿರುಗಿ, "ಇವ್ಳು ಇನ್ನೂ ಸ್ವಲ್ಪ ದಿನ ಕಲೀಲಿ ಸಾರ್" ಅಂದರು.

ಕೆಳಗೆ ಇಳಿದು ಬನ್ನು ಕೊಡಿಸಿದರು. ಅಲ್ಲಿಂದ ನಮ್ಮಿಬ್ಬರ ಮಟ್ಟಿಗೆ ಅಬ್ಬಾನ ಹುಟ್ಟುಹಬ್ಬ ಜುಲೈ ಒಂದಕ್ಕೆ. ಪ್ರತಿ ವರ್ಷ ಅದೇ ಬೇಕರಿಯ ಬನ್ನು.

ಹೋದ ವಾರ ಅಬ್ಬಾನ ಎದೆಗೆ ಸ್ಟೆಂಟ್ ಹಾಕಿದ್ದಾರೆ. ಜುಲೈ ತನಕ ಕಾಯಲು ನನಗೆ ಭಯವಾಯಿತು. ಈ ಸಲ ಎಲ್ಲರ ಜೊತೆ ಇವತ್ತೇ ಶುಭಾಶಯ ಹಾಕಿಬಿಡೋಣ ಅಂತ ಬರೆಯುತ್ತಾ ಕೂತಿದ್ದೆ, ಅಬ್ಬಾನೇ ಫೋನು ಮಾಡಿದರು. ಬೇರೆಯವರು ಹಾಕಿಕೊಳ್ಳಲಿ, ನೀನು ಹಾಕಬೇಡ, ನನ್ನದು ಇನ್ನೂ ಒಂದು ತಿಂಗಳಿದೆ ಅಂದರು. ಬರುವಾಗ ಬನ್ನು ಬಿಸಿಯಾಗಿರುವುದನ್ನೇ ನೋಡಿ ತರಬೇಕಂತೆ.

ಬರೆದದ್ದನ್ನು ಅಳಿಸಿದೆ.