ಹಂಡ್ಯಾನ ಎರಡನೆಯ ಕೋಡು

ಆಗೆಲ್ಲ ಗೋಡೆಯ ಮೇಲೆ ಪಟ ಇದ್ದರೆ ಅದು ಸತ್ತವರದೇ. ಬದುಕಿದ್ದವರು ಯಾರೂ ಗೋಡೆ ಏರುತ್ತಿರಲಿಲ್ಲ. ತೇರದಾಳದ ಹತ್ತಿರದ ನಮ್ಮೂರಿನಲ್ಲಿ ಹಿರಿಯರು ತೀರಿಕೊಂಡರೆ, ಎಲ್ಲಾದರೂ ಒಂದು ಸಣ್ಣ ಫೋಟೋ ಹುಡುಕಿ, ಬನಹಟ್ಟಿಯ ಪೇಂಟರ್ ಶಂಕ್ರಣ್ಣನಿಗೆ ಕೊಡುತ್ತಿದ್ದರು. ಅವನು ಅದನ್ನು ನೋಡಿ ದೊಡ್ಡದಾಗಿ ಬಣ್ಣದ ಪಟ ಬರೆದುಕೊಡುತ್ತಿದ್ದ. ನಿಮ್ಮ ಮನೆಗಳಲ್ಲೂ ಅಂಥವು ಇದ್ದಿರಬೇಕು. ಗಂಡಸರ ತಲೆಗೆಲ್ಲ ಒಂದೇ ಪಟಗಾ, ಹೆಂಗಸರಿಗೆಲ್ಲ ಒಂದೇ ಮೂಗುತಿ. ಅಂಥ ಕಾಲದಲ್ಲಿ ನಮ್ಮಜ್ಜ, ಇನ್ನೂ ಬದುಕಿದ್ದ ಎತ್ತಿನ ಪಟ ಬರೆಸುತ್ತೇನೆ ಅಂದ.

ಆ ಎತ್ತಿನ ಹೆಸರು ಹಂಡ್ಯಾ. ಬಿಳಿಯ ಮೈಮೇಲೆ ಮಸಿ ಚೆಲ್ಲಿದಂಥ ಕರಿ ಮಚ್ಚೆಗಳು. ಅದರ ಜೋಡಿ ಎತ್ತು ಸತ್ತುಹೋಗಿ, ಹೊಲ ಹೊಡೆಯಲು ಬಾಡಿಗೆ ಟ್ರ್ಯಾಕ್ಟರ್ ಬರತೊಡಗಿದ ಮೇಲೂ ಅಜ್ಜ ಅದನ್ನು ಸಂತೆಗೆ ಹೊಡೆದಿರಲಿಲ್ಲ. ಹಂಡ್ಯಾನಿಗೆ ಪೂರ್ತಿ ಇದ್ದದ್ದು ಒಂದೇ ಕೋಡು. ಇನ್ನೊಂದು, ನಾನು ಹುಟ್ಟುವ ಮೊದಲೇ, ಕಬ್ಬಿನ ಬಂಡಿ ಕಾಲುವೆಗೆ ಜಾರಿದಾಗ ಮುರಿದಿತ್ತಂತೆ. ಆಗ ಆಯಿ, ಅಂದರೆ ನಮ್ಮಜ್ಜಿ, ತಾನು ತಲೆ ಬಾಚಿದಾಗ ಉದುರಿದ ಕೂದಲನ್ನೆಲ್ಲ ಕೂಡಿಸಿ, ಔಡಲೆಣ್ಣೆಯಲ್ಲಿ ತೋಯಿಸಿ, ಮುರಿದ ಕೋಡಿಗೆ ಬಿಗಿಯಾಗಿ ಸುತ್ತಿ ಕಟ್ಟಿದ್ದಳು. ಕೋಡು ಮುರಿದ ದನಕ್ಕೆ ನಮ್ಮ ಕಡೆ ಅದೇ ಔಷಧ. ನಾನು ಕಾಣುವ ಹೊತ್ತಿಗೆ ಅದು ಗಾಯ ಮಾಗಿ, ಸವೆದ ಒರಳುಗುಂಡಿನ ಹಾಗೆ ನುಣ್ಣಗಾಗಿತ್ತು. ಅದರ ಬುಡದಲ್ಲಿ ಕೆರೆದರೆ ಹಂಡ್ಯಾ ಕಣ್ಣು ಮುಚ್ಚಿ, ಕತ್ತು ನೀಡಿ, ಜೊಲ್ಲು ಸುರಿಸುತ್ತಿತ್ತು. ಸಾಲಿಯಿಂದ ಬಂದವಳೇ ಪಾಟಿಚೀಲ ಒಗೆದು ನಾನು ಮೊದಲು ಮಾಡುತ್ತಿದ್ದ ಕೆಲಸ ಅದು.

ಆ ಬೇಸಿಗೆಗೆ ಹಂಡ್ಯಾ ತಾನಾಗಿ ಏಳುವುದನ್ನು ಬಿಟ್ಟಿತು. ಬೆಳಿಗ್ಗೆ ಅಜ್ಜ ಮತ್ತು ನಮ್ಮಪ್ಪನ ತಮ್ಮ ಕಾಕಾ ಹೊಟ್ಟೆಯ ಕೆಳಗೆ ಹಗ್ಗ ಹಾಕಿ ಎತ್ತಿ ನಿಲ್ಲಿಸಬೇಕಿತ್ತು. ಪಟದ ಮಾತು ಹುಟ್ಟಿದ್ದು ಆಗಲೇ. ಕಾಕಾ ನಕ್ಕು, ಮೊದಲು ನಿನ್ನ ಪಟ ಬರೆಸೋಣ, ಎತ್ತಿನದು ಆಮೇಲೆ ಅಂದ.

"ನನ್ನ ಮಾರಿ ನೋಡಿ ಯಾರಿಗೇನ ಆಗಬೇಕಾಗೈತಿ?" ಅಂದ ಅಜ್ಜ. "ಇದು ಇನ್ನ ನಿಂದರತೈತಿ. ನಿಂತಾಗ ಬರಸಬೇಕು."

ಶಂಕ್ರಣ್ಣ ಸೈಕಲ್ಲಿನ ಹಿಂದೆ ಹಲಗೆ ಕಟ್ಟಿಕೊಂಡು ಬಂದ. ಅಂಗಡಿಯ ಬೋರ್ಡು ಬರೆಯುವುದು, ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ನವಿಲು ಬರೆಯುವುದು ಅವನ ದಿನದ ಕೆಲಸ. ಎತ್ತು ಅಂದದ್ದೇ ಅವನ ಕೈ ರೂಢಿಯಂತೆ ಗುಡಿಯ ಬಸವಣ್ಣನನ್ನು ಬರೆಯತೊಡಗಿತು. ಅಜ್ಜ ಅದನ್ನು ಅಳಿಸಿ ಹಾಕಿಸಿದ. ಮತ್ತೆ ಮೊದಲಿನಿಂದ. ನಾನು, ನಮ್ಮಣ್ಣ ಎರಡೂ ಕಡೆ ನಿಂತು ಬೇವಿನ ಟೊಂಗೆಯಿಂದ ನೊಣ ಹೊಡೆಯುತ್ತಿದ್ದೆವು. ಆದರೂ ಹಂಡ್ಯಾ ಗಳಿಗೆಗೊಮ್ಮೆ ತಲೆ ಕೊಡವುತ್ತಿತ್ತು.

"ಸತ್ತವರು ಭಾಳ ಛಲೋರಿ ಯಜಮಾನರ," ಅಂದ ಶಂಕ್ರಣ್ಣ. "ಅಳ್ಳಾಡೂದಿಲ್ಲ."

ಕೊಟ್ಟಿಗೆಯಲ್ಲಿ ಸಗಣಿಯ ವಾಸನೆಯ ಜೊತೆ ಟರ್ಪೆಂಟೈನ್ ವಾಸನೆ ಸೇರಿ ತಲೆ ಹಿಡಿಯುತ್ತಿತ್ತು. ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಬಿಸಿಲು ಇಳಿಯುವ ಮುಂಚೆಯೇ ಆಯಿ ರೊಟ್ಟಿ, ಶೇಂಗಾದ ಹಿಂಡಿ, ಮೊಸರು ಇಟ್ಟು ಶಂಕ್ರಣ್ಣನನ್ನೂ ಕೂಡಿಸುತ್ತಿದ್ದಳು. ಇಲ್ಲಿ ಒಂದು ಊಟ, ಮನೆಗೆ ಹೋಗಿ ಇನ್ನೊಂದು ಊಟ ಮಾಡಿ ಈ ಎತ್ತಿನ ದೆಸೆಯಿಂದ ತನಗೆ ಹೊಟ್ಟೆ ಬಂತು ಅಂತ ಅವನು ದೂರುತ್ತಿದ್ದ.

ಕೊನೆಗೊಂದು ದಿನ ಪಟ ಮುಗಿಯಿತು. ಮಚ್ಚೆಗಳು, ಜೋಲುಬಿದ್ದ ಗಂಗೆದೊಗಲು, ನುಣ್ಣಗಿನ ಆ ಮೊಂಡು ಕೋಡು, ಎಲ್ಲ ಇದ್ದ ಹಾಗೇ. ಅಜ್ಜ ಪಡಸಾಲೆಯಲ್ಲಿ ಅದನ್ನು ಗೋಡೆಗೆ ಆನಿಸಿಟ್ಟು, ದೂರ ನಿಂತು, "ಹಂಡ್ಯಾ" ಅಂತ ಮೆಲ್ಲಗೆ ಕರೆದ. ಕೊಟ್ಟಿಗೆಯಲ್ಲಿದ್ದ ಹಂಡ್ಯಾ ಅದನ್ನು ಕೇಳಿ ಬುಸ್ಸೆಂದು ಉಸಿರು ಬಿಟ್ಟಿತು. ನಾವು ನಕ್ಕೆವು.

ಆಯಿ ನಗಲಿಲ್ಲ. ಆಗ ಕಾಕಿ ಬಸುರಿ. ಹೋದ ಸಲದ ಬಸುರು ನಿಂತಿರಲಿಲ್ಲ. ಆಮೇಲಿಂದ ಆಯಿ ಕಾಕಿಗೆ ನೀರು ಸೇದಲೂ ಬಿಡುತ್ತಿರಲಿಲ್ಲ.

"ಭಿನ್ನ ಆದದ್ದನ್ನ ಮನ್ಯಾಗ ಇಡಬಾರದು," ಅಂದಳು ಆಯಿ. "ಬೆರಳ ಮುಕ್ಕಾದ ಮೂರ್ತಿನ್ನ ಬಸ್ತಿಯೊಳಗ ಇಡತಾರೇನು? ದಿನಾ ಎದ್ದು ಇಕಿ ಇದನ್ನ ನೋಡಬೇಕಲ್ಲ. ಕೋಡು ಪೂರಾ ಮಾಡಸರಿ."

"ಅದು ನಿನ್ನ ಕೂದಲಾ ಸುತ್ತಿದ ಕೋಡು," ಅಂದ ಅಜ್ಜ.

"ಹೌದು. ಎತ್ತಿಗೆ ನಾ ಏನೂ ಅನ್ನಾಕತ್ತಿಲ್ಲ. ಪಟಕ್ಕ ಅಂತೀನಿ."

ಕಾಕಿ ಬಾಗಿಲ ಬಳಿ ಸೆರಗು ಹೊದ್ದು ನೆಲ ನೋಡುತ್ತ ನಿಂತಿದ್ದಳು. ಅಜ್ಜ ಪಟ ನೋಡಿದ, ಆಕೆಯನ್ನು ನೋಡಿದ. ಅವನ ಮುಖ ಅಷ್ಟು ದಣಿದದ್ದನ್ನು ನಾನು ಸುಗ್ಗಿಯಲ್ಲೂ ಕಂಡಿರಲಿಲ್ಲ.

"ಬರಿಯಪಾ ಶಂಕ್ರಣ್ಣ," ಅಂದ. "ಹುಟ್ಟೂ ಕೂಸಿಗಿಂತ ಕೋಡು ದೊಡ್ಡದಲ್ಲ."

ಹಾಗೆ ಅಂದವನು ಕೊಟ್ಟಿಗೆಗೆ ಹೋಗಿಬಿಟ್ಟ. ಶಂಕ್ರಣ್ಣ ಮೊಂಡು ಕೋಡಿನ ಮೇಲೆ ಉದ್ದದ ಕೋಡು ಬರೆದ. ಬಣ್ಣ ಬೇರೆ ಬೇರೆ ಕಾಣಬಾರದೆಂದು ಇನ್ನೊಂದಕ್ಕೂ ಹೊಸದಾಗಿ ಬಣ್ಣ ಕೊಟ್ಟು, ಎರಡರ ತುದಿಗೂ ಹಿತ್ತಾಳೆಯ ಕೋಡಣಸು ತೊಡಿಸಿದ. ಬಂದವರೆಲ್ಲ ಛಲೋ ಬಂದೈತಿ ಅಂದರು. ಅಜ್ಜನೂ ಹೌದೆಂದ.

ಮಳೆ ಹಿಡಿಯುವ ಮೊದಲೇ ಹಂಡ್ಯಾ ಸತ್ತಿತು. ಹೊಲದ ಬದುವಿನಲ್ಲಿ ಹೂಳಿದರು. ಕಾಕಿ ಗಂಡುಮಗು ಹೆತ್ತಳು, ಕೈಕಾಲು ಗಟ್ಟಿ ಇದ್ದ ಕೂಸು. ಸನ್ಮತಿ ಅಂತ ಹೆಸರಿಟ್ಟರು. ಅಜ್ಜ ಅವನನ್ನು ಎತ್ತಿಕೊಂಡು ಪಟದ ಮುಂದೆ ನಿಂತು, "ನೋಡು, ಎತ್ತು" ಅನ್ನುತ್ತಿದ್ದ. ಆ ಪಟವನ್ನು ಅವನು ಮತ್ತೆಂದೂ ಹಂಡ್ಯಾ ಅಂತ ಕರೆಯಲಿಲ್ಲ.

ಅಜ್ಜ, ಆಯಿ, ಕಾಕಾ, ಶಂಕ್ರಣ್ಣ ಯಾರೂ ಈಗ ಇಲ್ಲ. ಕಾಕಿಗೆ ಒಮ್ಮೊಮ್ಮೆ ಮಗನ ಹೆಸರೂ ನೆನಪಾಗುವುದಿಲ್ಲ. ಪಟ ಮುಧೋಳದಲ್ಲಿ ಸನ್ಮತಿಯ ಮನೆಯಲ್ಲಿದೆ. ಗೋಡೆಯ ಹಸಿಗೆ ಬಣ್ಣ ಕೀಳುತ್ತಿದೆಯಂತೆ. ಕೋಡು ಪೂರಾ ಮಾಡಿಸಿದ ಬಗ್ಗೆ ಆಯಿ ಹೇಳುತ್ತಿದ್ದ ಕಥೆ ಅವನಿಗೂ ಗೊತ್ತು. ಹೋದ ವಾರ ಜಮಖಂಡಿಯಲ್ಲಿರುವ ನನಗೆ ಫೋನ್ ಮಾಡಿ, ಹ್ಯಾಂಗೂ ಮತ್ತೆ ಬಣ್ಣ ಹಚ್ಚಿಸುವುದು, ಈ ಸಲ ಅಜ್ಜ ಬಯಸಿದ ಹಾಗೆ ಬರೆಸುತ್ತೇನೆ ಅಂದ.

"ಯಾವ ಕೋಡು ಮುರದಿತ್ತ ಅಕ್ಕಾ?"

ಎಡಗಡೆಯದು ಅಂದೆ. ಫೋನ್ ಇಟ್ಟ ಮೇಲೆ ಅನುಮಾನ ಬಂತು. ಅಣ್ಣನನ್ನು ಕೇಳಿದರೆ ಬಲಗಡೆಯದು ಅಂದ. ಆಮೇಲೆ, ಖರೆ ಹೇಳಬೇಕಂದರೆ ತನಗೂ ಗೊತ್ತಿಲ್ಲ ಅಂದ. ಹಂಡ್ಯಾನನ್ನು ಕಂಡವರಲ್ಲಿ ನೆನಪು ನೆಟ್ಟಗಿರುವವರು ನಾವಿಬ್ಬರೇ. ಮಧ್ಯಾಹ್ನ ರೊಟ್ಟಿ ಬಡಿದು ಮುಗಿಸಿ, ಅಡಿಗೆಮನೆಯಲ್ಲಿ ಒಬ್ಬಳೇ ನಿಂತು, ಅದರ ಎದುರಿಗೆ ನಿಂತಂತೆ ಗಾಳಿಯಲ್ಲಿ ಕೈ ಚಾಚಿ ಕೆರೆದು ನೋಡಿದೆ. ಕೈ ಒಮ್ಮೆ ಈ ಕಡೆ ಹೋಯಿತು, ಒಮ್ಮೆ ಆ ಕಡೆ.

ಇವತ್ತು ಸನ್ಮತಿ ಮತ್ತೆ ಫೋನ್ ಮಾಡಿದ್ದ. ಪೇಂಟರ್ ಬಂದು ಕೂತಿದ್ದಾನಂತೆ.

"ಎರಡೂ ಇರಲಿ ಬಿಡೋ ತಮ್ಮಾ," ಅಂದೆ.