ಟಿಪ್ಪಣಿ ಅಕ್ಕನ ಕಿರುಸಹಿ

ನಾನು ರಾಜ್ಯಶಾಸ್ತ್ರ ಮತ್ತು ಸಾರ್ವಜನಿಕ ಆಡಳಿತದ ಎಂ.ಎ.ಗೆ ಸೇರಿದ್ದು ದೇಶ ಆಳುವ ಬಗೆ ಅರಿಯಲೆಂದಲ್ಲ. ಭಾನುವಾರ ಮನೆಯಲ್ಲಿದ್ದರೆ ಅಪ್ಪ ಏಣಿ ತಂದಿಟ್ಟು ಫ್ಯಾನ್ ಒರೆಸು ಅನ್ನುತ್ತಾರೆ, ಅದಕ್ಕೆ. ನಗರಸಭೆಯಲ್ಲಿ ಗುಮಾಸ್ತನಾಗಿ ಎರಡು ವರ್ಷವಾಗಿತ್ತು. ಬಂದ ಪತ್ರಕ್ಕೆ ಮೊಹರು ಗುದ್ದುವುದೇ ಆಡಳಿತ ಎಂದು ನಂಬಿಕೊಂಡು ಸುಖವಾಗಿದ್ದೆ.

ಭಾನುವಾರದ ತರಗತಿ ನಡೆಯುತ್ತಿದ್ದುದು ಪ್ರಾಥಮಿಕ ಶಾಲೆಯೊಂದರಲ್ಲಿ. ಆರು ವರ್ಷದ ಮಕ್ಕಳ ಬೆಂಚು. ಕೂತರೆ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಮೊದಲ ದಿನ ಹಾಗೆ ಮುದುರಿ ಕೂತು ತಿರುಗಿ ನೋಡಿದರೆ, ಹಿಂದಿನ ಬೆಂಚಿನಲ್ಲಿ ನಮ್ಮ ಕಚೇರಿಯ ಸಿಬ್ಬಂದಿ ಶಾಖೆಯ ಟಿಪ್ಪಣಿ ಅಕ್ಕ.

ಇಪ್ಪತ್ತೆರಡು ವರ್ಷ ಕಡತಗಳಿಗೆ ಟಿಪ್ಪಣಿ ಬರೆದು ಬರೆದು ಅವರಿಗೆ ಆ ಹೆಸರು ಬಂದಿತ್ತು. ಮನೆಯಲ್ಲೂ ಅದೇ ಶೈಲಿ. ಒಮ್ಮೆ ಗಂಡನಿಗೆ ಚೀಟಿ ಬರೆದಿಟ್ಟಿದ್ದರಂತೆ: '೧. ಹಾಲು ಒಲೆಯ ಮೇಲಿದೆ. ೨. ಉರಿ ಸಣ್ಣದಿದೆ. ೩. ಸೂಕ್ತ ಕ್ರಮಕ್ಕಾಗಿ.' ಬಸ್ ಕಂಡಕ್ಟರ್ ಆದ ಗಂಡ ಅದರ ಕೆಳಗೆ 'ನೋಡಿದೆ' ಎಂದು ಬರೆದು ಡ್ಯೂಟಿಗೆ ಹೋದರಂತೆ. ಪಾತ್ರೆ ಇವತ್ತಿಗೂ ಕಪ್ಪಗಿದೆ.

ಅಕ್ಕ ಓದಲು ಹೊರಟದ್ದು ಆಯುಕ್ತರ ಒಂದು ಮಾತಿಗೆ. ಹೊಸದಾಗಿ ಬಂದಿದ್ದ ಆ ಚಿಕ್ಕ ವಯಸ್ಸಿನ ಅಧಿಕಾರಿ, ಅಕ್ಕ ಬರೆದ ಕರಡಿನಲ್ಲಿ ಒಂದು ಅಲ್ಪವಿರಾಮವನ್ನು ಆಚೀಚೆ ಮಾಡಿ, "ಇದೆಲ್ಲ ಆಡಳಿತ ಕಣಮ್ಮ, ನಿಮಗೆ ಅರ್ಥವಾಗಲ್ಲ" ಅಂದಿದ್ದರು. ಮಾರನೇ ದಿನವೇ ಅಕ್ಕ ಎಂ.ಎ. ಅರ್ಜಿ ತಂದರು.

ಉಳಿದ ವಿಷಯಗಳಲ್ಲಿ ಸಲೀಸಾಗಿ ಪಾಸಾದರು. 'ಆಡಳಿತ ಸಿದ್ಧಾಂತಗಳು' ಮಾತ್ರ ಎರಡು ಸಲ ಕೈಕೊಟ್ಟಿತು. ನಿರ್ಧಾರ ಕೈಗೊಳ್ಳುವ ಹಂತಗಳನ್ನು ವಿವರಿಸಿ ಎಂದರೆ, ಅಕ್ಕ ಬರೆದದ್ದು ಇಷ್ಟು: 'ಹಂತ ಒಂದು, ಮೇಲಧಿಕಾರಿ "ಚರ್ಚಿಸಿ" ಎಂದು ಬರೆಯುತ್ತಾರೆ. ಹಂತ ಎರಡು, ಯಾರೂ ಚರ್ಚಿಸುವುದಿಲ್ಲ. ಹಂತ ಮೂರು, ಅವರಿಗೆ ವರ್ಗವಾಗುತ್ತದೆ.' ಸೊನ್ನೆ. ಮೂರನೆಯದೇ ಕೊನೆಯ ಅವಕಾಶ. ತಪ್ಪಿದರೆ ನೋಂದಣಿ ರದ್ದು, ನಾಲ್ಕು ವರ್ಷದ ಓದು ನೀರುಪಾಲು.

"ಅಕ್ಕಾ, ಸತ್ಯ ಬರೀಬೇಡಿ. ಪುಸ್ತಕದಲ್ಲಿರೋದು ಬರೀರಿ" ಎಂದು ನಾನು ಗುರುವಾದೆ.

"ಪುಸ್ತಕ ಬರ್ದೋನು ಯಾವ ಆಫೀಸಲ್ಲಿದ್ನಂತೆ?"

"ಯಾವ ಆಫೀಸಲ್ಲೂ ಇರ್ಲಿಲ್ಲ. ಅದಕ್ಕೇ ಆರು ಹಂತ ಬರ್ದಿದಾನೆ."

ಆ ವಿಷಯವನ್ನು ಮುಂದೂಡುತ್ತಲೇ ಬಂದಿದ್ದ ನಾನೂ ಆ ಸಲ ಮೊದಲ ಬಾರಿ ಬರೆದೆ. ಪರೀಕ್ಷೆ ಮುಗಿಸಿ ಮೆಟ್ಟಿಲಿಳಿಯುವಾಗ ಅಕ್ಕನ ಮುಖ ಅರಳಿತ್ತು. "ಆರೂ ಹಂತ ಬರ್ದೆ ತಮ್ಮಾ. ಕೊನೇಲಿ ನೀಟಾಗಿ ಮಂಡಿಸ್ದೆ."

"ಮಂಡಿಸ್ದೆ ಅಂದ್ರೆ?"

ಅಕ್ಕ ಅಲ್ಲೇ ನಿಂತುಬಿಟ್ಟರು. ಪ್ರತಿ ಉತ್ತರದ ಕೊನೆಗೆ 'ಆದೇಶಕ್ಕಾಗಿ ಮಂಡಿಸಿದೆ' ಎಂದು ಬರೆದು, ಕೆಳಗೆ ತಮ್ಮ ಕಿರುಸಹಿ ಗೀಚಿ, ದಿನಾಂಕ ಹಾಕಿದ್ದರು. ಐದು ಉತ್ತರ, ಐದು ಸಹಿ. ಉತ್ತರ ಪತ್ರಿಕೆಯಲ್ಲಿ ಗುರುತು ಸಿಗುವಂಥದ್ದು ಏನಿದ್ದರೂ ಅಕ್ರಮ.

ವಿಶ್ವವಿದ್ಯಾಲಯದಿಂದ ನೋಟಿಸು ಬಂತು. ವಿಚಾರಣೆಗೆ ಅಕ್ಕ ನನ್ನನ್ನೂ ಕರೆದೊಯ್ದರು. ಸಹಜ ನ್ಯಾಯದ ತತ್ವದ ಮೇಲೆ ಎರಡು ಪುಟದ ಭಾಷಣ ಬಾಯಿಪಾಠ ಮಾಡಿ ಹೋಗಿದ್ದೆ. ಮೇಜಿನಾಚೆ ಮೂವರು ಪ್ರಾಧ್ಯಾಪಕರನ್ನು ಕಂಡದ್ದೇ ಎಲ್ಲ ಮರೆತು, ಎರಡು ಸಲ "ನಮಸ್ಕಾರ ಸಾರ್" ಅಂದು ಕೂತೆ. ನನ್ನ ವಕಾಲತ್ತು ಅಲ್ಲಿಗೆ ಮುಗಿಯಿತು.

"ಇದು ನಿಮ್ಮ ಸಹಿ ತಾನೇ? ಗುರುತು ಬಿಟ್ಟುಕೊಟ್ಟ ಹಾಗಲ್ಲವಾ?" ಅಧ್ಯಕ್ಷರು ಕೇಳಿದರು.

"ನನ್ನದೇ ಸಾರ್. ಆದ್ರೆ ಅದನ್ನ ಸ್ವಲ್ಪ ಓದಿ ನೋಡಿ."

ಅಧ್ಯಕ್ಷರು ಕನ್ನಡಕ ಏರಿಸಿದರು. ಪಕ್ಕದವರು ಹಾಳೆ ಇಸಿದುಕೊಂಡು ಓರೆಯಾಗಿ ಹಿಡಿದರು. ಮೂರನೆಯವರು ತಲೆಕೆಳಗು ಮಾಡಿ, "ಇದು ಗಾಳಿಪಟದ ಬಾಲದ ಥರ ಇದೆಯಲ್ಲಾ" ಅಂದರು.

"ಇಪ್ಪತ್ತಾರು ವರ್ಷದಿಂದ ಇದನ್ನೇ ಹಾಕ್ತಿದೀನಿ. ಮೂರು ತನಿಖೆ ನಡೆದ್ವು. ಇದು ಯಾರದ್ದು ಅಂತ ಒಬ್ರಿಗೂ ಹೇಳಕ್ಕಾಗ್ಲಿಲ್ಲ. ಗುರುತು ಸಿಗಬಾರ್ದು ಅಂತಾನೇ ಕಿರುಸಹಿ ಇರೋದು ಸಾರ್. ನಿಮ್ಮ ನೋಟಿಸಿನ ಕೆಳಗೂ ಒಂದಿದೆ, ಯಾರದ್ದು ಅಂತ ಹೇಳ್ತೀರಾ?"

ಮೂವರೂ ನೋಟಿಸು ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ತಮ್ಮದೆನ್ನಲಿಲ್ಲ.

ಹದಿನೈದು ದಿನಕ್ಕೆ 'ಗುರುತು ಸಾಬೀತಾಗಿಲ್ಲ' ಎಂಬ ಆದೇಶ ಬಂತು. ಅಕ್ಕನಿಗೆ ನಲವತ್ತಾರು ಅಂಕ. ಪಾಸಿಗೆ ನಲವತ್ತು ಬೇಕಿತ್ತು. ನನಗೆ, ಯಾವ ಸಹಿಯೂ ಇಲ್ಲದೆ, ಮೂವತ್ತೆಂಟು.

ಪದವಿಯನ್ನು ಸೇವಾ ಪುಸ್ತಕದಲ್ಲಿ ದಾಖಲಿಸಬೇಕೆಂದು ಅಕ್ಕ ಆಯುಕ್ತರಿಗೆ ಅರ್ಜಿ ಕೊಟ್ಟರು. ಅವರು ಯಾರ ಅರ್ಜಿಯೆಂದೂ ನೋಡದೆ 'ಪರಿಶೀಲಿಸಿ ಮಂಡಿಸಿ' ಎಂದು ಬರೆದು ಶಾಖೆಗೆ ಕಳಿಸಿದರು. ಅರ್ಜಿ ಸುತ್ತಿ ಬಳಸಿ, ಸೇವಾ ಪುಸ್ತಕಗಳನ್ನು ನೋಡಿಕೊಳ್ಳುವ ಅಕ್ಕನ ಮೇಜಿಗೇ ಬಂತು. ಅಕ್ಕ ಕೂಲಂಕಷವಾಗಿ ಪರಿಶೀಲಿಸಿದರು. ದೃಢೀಕೃತ ನಕಲು ಲಗತ್ತಿಸಿಲ್ಲವೆಂದು ಆಕ್ಷೇಪಣೆ ಎತ್ತಿ, ತಮಗೇ ಒಂದು ಪತ್ರ ಬರೆದು, ನನ್ನ ಕೈಲಿ ಮೊಹರು ಗುದ್ದಿಸಿ, ಸ್ವೀಕರಿಸಿದರು.

"ಅಕ್ಕಾ, ಇಷ್ಟು ಕಷ್ಟಪಟ್ಟು ಪಾಸಾಗಿದೀರಿ. ನಿಮ್ಮ ಪುಸ್ತಕ, ನಿಮ್ಮ ಪೆನ್ನು. ಸುಮ್ನೆ ಒಂದು ಸಾಲು ಬರ್ಕೊಳ್ಳಬಾರ್ದಾ?"

"ಬೇರೆ ಯಾರನ್ನಾದ್ರೂ ಹಾಗೆ ಬಿಟ್ಟಿದೀನೇನೋ?" ಎಂದು ಅಕ್ಕ ಗದರಿದರು. "ಅರ್ಜಿದಾರರಿಗೆ ಏಳು ದಿನ ಟೈಮಿದೆ. ತಂದ್ರೆ ನೋಡೋಣ."