ಸೋಮವಾರ ಹಗ್ಗ ಬಿಚ್ಚಿದ ಚಿಗವ್ವ

ಕೆಲವು ವಿವರಗಳು ತಪ್ಪಿರಬಹುದು. ಚಿಗವ್ವನ ಆ ಮಣಕದ ಬಣ್ಣ ಬಿಳಿಯೋ ಬೂದಿಯೋ ಎಂಬುದೇ ನನಗೆ ಖಾತ್ರಿಯಿಲ್ಲ. ಹೋದ ತಿಂಗಳು ರಾಯಚೂರಿನಲ್ಲಿ ಸೋದರಮಾವನ ಮನೆಯ ಅಟ್ಟ ಸ್ವಚ್ಛ ಮಾಡುವಾಗ, ಭುಜದವರೆಗೆ ಬರುವ ತೆಳು ಪ್ಲಾಸ್ಟಿಕ್ ಕೈಗವಸುಗಳ ಕಟ್ಟೊಂದು ಸಿಕ್ಕಿತು. ಮಾವ ದನದ ಆಸ್ಪತ್ರೆಯ ನೌಕರಿಯಲ್ಲಿದ್ದಾಗ ದನದ ಗರ್ಭ ನೋಡಲು ಬಳಸುತ್ತಿದ್ದದ್ದು. ಕಂಡೊಡನೆ ನೆನಪಾದವಳು ದೇವದುರ್ಗದ ನಮ್ಮ ಮಗ್ಗುಲ ಮನೆಯ ಚಿಗವ್ವ. ರಕ್ತಸಂಬಂಧವೇನಿಲ್ಲ, ಓಣಿಗೆಲ್ಲ ಆಕೆ ಚಿಗವ್ವ.

ಆಕೆಯ ತವರು ಗೂಗಲ್ ಎಂಬ ಹಳ್ಳಿ. ಮದುವೆಯಲ್ಲಿ ಅಲ್ಲಿಂದ ಹೊಡೆದುಕೊಂಡು ಬಂದ ಆಕಳ ಪೀಳಿಗೆಯಲ್ಲಿ ಉಳಿದದ್ದು ಇದೊಂದೇ ಮಣಕ, ಇನ್ನೂ ಕರು ಹಾಕದ್ದು. ಆಗ ನಮ್ಮ ಮನೆಗೆ ಬಂದುಹೋಗುತ್ತಿದ್ದ ಮಾವ ಅದರ ಮೈಕಟ್ಟು ಮೆಚ್ಚಿ ಡಾಕ್ಟರರನ್ನು ಕರೆತಂದ. ಸೂಜಿ ಕೊಟ್ಟು ಒಂದೇ ಸಲಕ್ಕೆ ಹಲವು ಭ್ರೂಣ ಕಟ್ಟಿಸಿ, ವಾರದ ಮೇಲೆ ಹೊರತೆಗೆದು, ಬೇರೆ ಆಕಳುಗಳ ಗರ್ಭದಲ್ಲಿ ಇಡುವುದು ಎಂದು ಡಾಕ್ಟರರು ವಿವರಿಸಿದರು. ಚಿಗವ್ವ ಕೇಳಿದ್ದು ಒಂದೇ ಮಾತು.

"ಆಮ್ಯಾಲೆ ಇದು ತಾನು ಗಬ್ಬಾಗ್ತದೇನು?"

"ಯಾಕಾಗಂಗಿಲ್ಲ ಯಕ್ಕಾ? ನಿನ್ನ ಅಂಗಳದಾಗೂ ಕರು, ಮಂದಿ ಅಂಗಳದಾಗೂ ಕರು. ಹತ್ತೂರಿಗೆ ಬೀಗತಿಯಾಗಿ ತಿರಗ್ಯಾಡಬೇಕು ನೋಡು ನೀ," ಎಂದ ಮಾವ.

ಭ್ರೂಣ ತೆಗೆಯುವ ದಿನ ಸೋಮವಾರ ಬಿತ್ತು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಚಿಗವ್ವ ಆ ನೇಮವನ್ನು ಆಕಳಿಗೂ ಹಚ್ಚಿದ್ದಳು.

"ನಾಳಿ ಮಾಡ್ರಿ. ಇವತ್ತು ಅದಕ್ಕ ಕೆಲಸ ಹಚ್ಚಬ್ಯಾಡ್ರಿ."

"ಇದೇನು ಹೊಲದಾಗ ಕುಂಟಿ ಹೊಡಿಯೋದೇನು? ಸುಮ್ಮ ನಿಂದರೋದು. ಪಾಪ ಬಂದ್ರ ನನಗ ಬರ್ಲಿ," ಮಾವ ನಕ್ಕ.

"ನಿಂದರೋದೂ ಕೆಲಸನ ಅದ," ಎನ್ನುತ್ತಲೇ ಆಕೆ ಗೂಟದಿಂದ ಮಣಕದ ಹಗ್ಗ ಬಿಚ್ಚಿ ಮಾವನ ಕೈಗೆ ಕೊಟ್ಟಳು.

ಇಟ್ಟ ಭ್ರೂಣಗಳಲ್ಲಿ ಒಂದು ನಿಂತಿತು. ಮಾನ್ವಿ ಆಚೆ ಚೀಕಲಪರ್ವಿಯಲ್ಲಿ ಯಾರದೋ ಆಕಳು ಆ ಕರು ಹಾಕಿತು. ಚಿಗವ್ವ ಬಸ್ಸು ಹತ್ತಿ ನೋಡಲು ಹೋದಳು. ನಾನೂ ಜೊತೆಗಿದ್ದೆ, ಅಥವಾ ಕೇಳಿ ಕೇಳಿ ಇದ್ದೆ ಅನಿಸುತ್ತಿದೆಯೋ... ಕರುವಿನ ಹಣೆ ಸವರಿ "ಗೂಗಲ್ ಹಣೀನ ಇದು" ಎಂದಳು. ಆ ಮನೆಯಾಕೆ ತಟ್ಟೆಯಲ್ಲಿ ಗಿಣ್ಣ ತಂದಿಟ್ಟರೆ ಮುಟ್ಟಲಿಲ್ಲ. "ನಮ್ಮ ಮಣಕ ಈಯಲಿ ತಡಿಯವ್ವಾ. ಗಿಣ್ಣ ನಾನ ತಂದು ಕೊಡ್ತೀನಿ."

ಮಣಕ ಈಯಲಿಲ್ಲ. ಬೆದೆಗೆ ಬಂದಾಗಲೆಲ್ಲ ಹೋರಿ ತೋರಿಸಿದರು, ಗಬ್ಬ ನಿಲ್ಲಲಿಲ್ಲ. ಆಮೇಲೆ ಬೆದೆಯೂ ನಿಂತಿತು. "ಮಂದಿಗೆ ಕರು ಕೊಟ್ಟು ತಾ ಗೊಡ್ಡಾತು" ಎಂದು ಓಣಿಯವರು ಆಡಿಕೊಂಡರು. ಚಿಗವ್ವ ಸೂಜಿಯನ್ನು ದೂರಲಿಲ್ಲ, ಮಾವನನ್ನೂ ದೂರಲಿಲ್ಲ. ನಮ್ಮ ಕಟ್ಟೆಯ ಮೇಲೆ ಮಾವ ಚಹಾ ಕುಡಿಯುತ್ತಿದ್ದಾಗಲೇ ಅವ್ವನಿಗೆ ಹೇಳಿದಳು: "ಯಾರಿಗಿ ಏನನ್ಲಿ? ಸೋಮವಾರ ಹಗ್ಗ ಬಿಚ್ಚಿದಾಕಿ ನಾನು." ಮಾವ ಚಹಾ ಮುಗಿಸಿ ಎದ್ದು ಹೋದ. ಈ ಒಂದು ಭಾಗದ ಬಗ್ಗೆ ನನಗೆ ಅನುಮಾನವಿಲ್ಲ.

ಆಮೇಲೆ ಆಕೆ ಮಣಕವನ್ನು ತವರಿಗೆ ಬಿಟ್ಟು ಬಂದಳು. ಮತ್ತೆ ದನ ಕಟ್ಟಲಿಲ್ಲ.

ನಾನು ಓದಿಕೊಂಡ ಮಟ್ಟಿಗೆ, ಹೀಗೆ ಭ್ರೂಣ ಕೊಟ್ಟ ಎಳೆಯ ಹಸುಗಳಲ್ಲಿ ಬಹುಪಾಲು ಮುಂದೆ ಎಂದಿನಂತೆ ಗಬ್ಬವಾಗುತ್ತವೆ. ಕೆಲವು ತಡಮಾಡುತ್ತವೆ. ಕೆಲವು ಮೊದಲಿಂದಲೂ ನಿಲ್ಲದವೇ ಇರಬಹುದು. ಈ ಮಣಕ ಇವುಗಳಲ್ಲಿ ಯಾವುದೆಂದು ಈಗ ಯಾರೂ ಹೇಳಲಾರರು. ಯಾವುದೇ ಆಗಿರಲಿ, ಅದು ಸೋಮವಾರದ ತಪ್ಪಲ್ಲ, ಅಷ್ಟು ಗೊತ್ತು. ಅದನ್ನು ಹೇಳೋಣವೆಂದರೆ ಚಿಗವ್ವ ಇಲ್ಲ. ಆಕೆಯ ಕೊಟ್ಟಿಗೆ ಇದ್ದಲ್ಲಿ ಈಗ ಎರಡು ಬಾಡಿಗೆ ಖೋಲಿಗಳಿವೆ.

ಅಟ್ಟದಿಂದ ಇಳಿದು ಮಾವನನ್ನು ಕೇಳಿದೆ. ಮಾವ ಕನ್ನಡಕ ತೆಗೆದು ಒರೆಸುತ್ತ ಕುಳಿತ. ನಾನು ಕೇಳಿದ್ದು ಇಷ್ಟೇ: "ಸೋಮವಾರಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಆಕಿಗೆ ಒಂದಿನಾನರ ಹೇಳಿದ್ದೇನು ಮಾವಾ?"